ಅಶ್ವಶಕ್ತಿ ನಗರದ್ದು, ಹೊರೆ ಘಟ್ಟದ್ದು

ಬೆಂಗಳೂರಿನ ಶೇಷಾದ್ರಿಪುರಂ ಹೊತ್ತಿರುವುದು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು. ಶಿವನಸಮುದ್ರದಲ್ಲಿ ಕಾವೇರಿಯ ನೀರನ್ನು ವಿದ್ಯುತ್ತಾಗಿಸುವ ಯೋಜನೆ ಅವರ ಕಾಲದ್ದು. 1902ರಲ್ಲಿ ಆ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಕೊಡಗಿನ ಬೆಟ್ಟಗಳಲ್ಲಿ ಸುರಿದ ಮಳೆ ನಗರದ ಶಕ್ತಿಯಾಯಿತು. ಇಂದು ಅದೇ ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ ಮತ್ತೊಂದು ಬಗೆಯ ಶಕ್ತಿಯ ಲೆಕ್ಕಾಚಾರ ನಡೆಯುತ್ತಿದೆ. ಅದರ ಭಾರವೂ ಕೊನೆಗೆ ಬೆಟ್ಟದ ಮೇಲೆಯೇ ಬೀಳುತ್ತದೆ.

ಓದಲೆಂದು, ದುಡಿಯಲೆಂದು ನಗರ ಸೇರಿದ ತರುಣರು ಕೇಳುವ ಪ್ರಶ್ನೆ ಸರಳವಾದದ್ದು: ಕೈಗೆಟುಕುವ ಬೆಲೆಯ, ನಾಲ್ವರು ಕೂರಬಹುದಾದ, ಓಟದಲ್ಲಿ ಹಿಂದೆ ಬೀಳದ ಹಳೆಯ ಕಾರು ಯಾವುದು? ಉತ್ತರವಾಗಿ ಬರುವ ಹೆಸರುಗಳೂ ಪರಿಚಿತವೇ. 2013ರಲ್ಲಿ ಬಂದ 105 ಅಶ್ವಶಕ್ತಿಯ ಪೋಲೋ ಜಿಟಿ ಟಿಎಸ್‌ಐ, 2015ರ 145 ಅಶ್ವಶಕ್ತಿಯ ಅಬಾರ್ತ್ ಪುಂಟೋ, ಇನ್ನೂ ಹಿಂದಕ್ಕೆ ಹೋದರೆ 2004ರಲ್ಲಿ ಭಾರತಕ್ಕೆ ಬಂದ 150 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್. ಹೊಸದಾಗಿದ್ದಾಗ ಇವನ್ನು ಕೊಳ್ಳಲಾಗದಿದ್ದವರಿಗೂ ಹಳತಾದ ಮೇಲೆ ಇವು ಎಟುಕುತ್ತವೆ.

ಹಳೆಯ ಕಾರನ್ನು ಕೊಳ್ಳುವುದು ಪಾಪವೇನಲ್ಲ. ಹೊಸ ಕಾರೊಂದಕ್ಕೆ ಉಕ್ಕು, ಅಲ್ಯೂಮಿನಿಯಂ, ರಬ್ಬರು, ಗಾಜು ಎಲ್ಲವೂ ಬೇಕು. ಕುದುರೆಮುಖದಲ್ಲಿ ಅದಿರು ಅಗೆದ ಗಾಯವನ್ನು ಕಂಡವರಿಗೆ ಉಕ್ಕು ಎಲ್ಲಿಂದ ಬರುತ್ತದೆಂದು ವಿವರಿಸಬೇಕಿಲ್ಲ. ಇರುವ ವಸ್ತುವನ್ನು ಅದರ ಆಯುಷ್ಯ ತೀರುವವರೆಗೆ ಬಳಸುವುದು ಹಳ್ಳಿಯ ಹಳೆಯ ವಿವೇಕ. ಆದ್ದರಿಂದ ವಾದವಿರುವುದು ‘ಹಳೆಯ’ ಎಂಬ ಮಾತಿನ ಬಗ್ಗೆ ಅಲ್ಲ. ‘ಓಟ’ ಎಂಬ ಮಾತಿನ ಬಗ್ಗೆ.

ಈ ಓಟವನ್ನು ಓಡುವುದೆಲ್ಲಿ? ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಸಾಗಲು ಸರಾಸರಿ 29 ನಿಮಿಷ 10 ಸೆಕೆಂಡು ಬೇಕಾಗಿತ್ತು. ಎಂದರೆ ಗಂಟೆಗೆ ಸುಮಾರು 20 ಕಿ.ಮೀ. ಸೈಕಲ್ಲಿಗೂ ಸಾಧ್ಯವಾಗುವ ಈ ವೇಗಕ್ಕೆ ನೂರೈದು ಕುದುರೆಗಳೇಕೆ? ಶೇಷಾದ್ರಿಪುರಂನಲ್ಲಿ ಕೊಂಡ ವೇಗವನ್ನು ಶೇಷಾದ್ರಿಪುರಂನಲ್ಲಿ ಖರ್ಚು ಮಾಡಲಾಗದು. ಅದನ್ನು ಖರ್ಚು ಮಾಡಲೆಂದೇ ಶನಿವಾರದ ನಸುಕಿನಲ್ಲಿ ಕಾರು ಚಿಕ್ಕಮಗಳೂರಿನ ದಾರಿ ಹಿಡಿಯುತ್ತದೆ. ಚಾರ್ಮಾಡಿ, ಆಗುಂಬೆ, ಮುಳ್ಳಯ್ಯನಗಿರಿಯ ತಿರುವುಗಳು ಅದಕ್ಕೆ ಪರೀಕ್ಷೆಯ ಅಂಗಳಗಳಾಗುತ್ತವೆ.

ಅಡಿಕೆ ತೋಟಕ್ಕೆ ನೀರೆತ್ತುವ ರೈತನ ಪಂಪ್‌ಸೆಟ್ಟು ಐದು ಅಶ್ವಶಕ್ತಿಯದು. ಗದ್ದೆ ಉಳುವ ಟಿಲ್ಲರಿನದು ಹನ್ನೆರಡು-ಹದಿಮೂರು. ಒಂದು ಕುಟುಂಬದ ವರ್ಷದ ಅನ್ನ ಇಷ್ಟರಲ್ಲೇ ಹುಟ್ಟುತ್ತದೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕೊಡುವ ಉಚಿತ ವಿದ್ಯುತ್ತನ್ನು ಬೊಕ್ಕಸಕ್ಕೆ ಹೊರೆಯೆಂದು ಹಳಿಯುವವರು ನಗರದಲ್ಲಿ ಹೇರಳ. ಒಬ್ಬನ ಮೋಜಿಗೆ ನೂರೈವತ್ತು ಅಶ್ವಶಕ್ತಿ ವ್ಯಯವಾಗುವಾಗ ಅವರ ಲೇಖನಿಗಳು ಮೌನವಾಗಿರುತ್ತವೆ.

ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆಂಬುದು ಪ್ರೌಢಶಾಲೆಯ ಪಾಠ. ನಲವತ್ತರ ವೇಗದಲ್ಲಿ ಬ್ರೇಕು ಒತ್ತಿದ ಕಾರು ಹತ್ತು ಮೀಟರಿನಲ್ಲಿ ನಿಲ್ಲುವುದಾದರೆ, ಎಂಬತ್ತರ ವೇಗದಲ್ಲಿ ಅದಕ್ಕೆ ನಲವತ್ತು ಮೀಟರು ಬೇಕು. ಘಟ್ಟದ ಹೆಚ್ಚಿನ ತಿರುವುಗಳಲ್ಲಿ ನಲವತ್ತು ಮೀಟರು ಮುಂದೇನಿದೆಯೆಂದು ಕಾಣುವುದೇ ಇಲ್ಲ. ಅಲ್ಲಿ ಶಾಲೆಗೆ ನಡೆದು ಹೋಗುವ ಮಗುವಿರಬಹುದು, ತರಗು ಹೊತ್ತ ಹೆಂಗಸಿರಬಹುದು, ದಾಟುತ್ತಿರುವ ಕಡವೆಯಿರಬಹುದು. ಬೆಟ್ಟದ ಜನರಿಗೆ ಆ ರಸ್ತೆಯೇ ಕಾಲುದಾರಿ. 2019ರ ಆಗಸ್ಟಿನ ಮಳೆಗೆ ಕುಸಿದ ಚಾರ್ಮಾಡಿ ಘಟ್ಟ, ಈ ಗುಡ್ಡಗಳ ತಾಳಿಕೆಗೆ ಮಿತಿಯಿದೆಯೆಂದು ಸಾರಿ ಹೇಳಿದೆ. ವೇಗಕ್ಕೆಂದು ರಸ್ತೆ ಅಗಲವಾದಷ್ಟೂ ಗುಡ್ಡದ ಬುಡ ಕಡಿದಾಗುತ್ತದೆ.

ಅಗ್ಗವೆಂಬ ಮಾತನ್ನೂ ತೂಗಿ ನೋಡಬೇಕು. ಪೋಲೋ ಮಾರಾಟ 2022ರಲ್ಲಿ ನಿಂತಿದೆ. ಫಿಯೆಟ್ ಕಾರುಗಳು ಅದಕ್ಕೂ ಮೊದಲೇ ಮಾರುಕಟ್ಟೆಯಿಂದ ಮರೆಯಾದವು. ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಹಳೆಯ ಎಂಜಿನ್ನುಗಳು ಈ ಮಿಶ್ರಣಕ್ಕೆಂದು ರೂಪುಗೊಂಡವಲ್ಲ. ಅಂತಹ ನಾಲ್ಕು ಚಕ್ರದ ವಾಹನಗಳ ಇಂಧನ ಕ್ಷಮತೆ ಶೇ. 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಆ ಎಥೆನಾಲ್ ಬರುವುದು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ. ಎಂದರೆ ಮೋಜಿನ ಓಟದ ಪ್ರತಿ ಲೀಟರಿನಲ್ಲೂ ಯಾರದೋ ಹೊಲವಿದೆ, ಯಾರದೋ ಕೊಳವೆಬಾವಿಯ ನೀರಿದೆ.

ಎಲ್ಲಕ್ಕಿಂತ ಕೆಟ್ಟದ್ದು ‘ಮಾರ್ಪಡಿಸಿದ’ ಕಾರು. ಇನ್ನಷ್ಟು ಶಕ್ತಿಗಾಗಿ, ಇನ್ನಷ್ಟು ಸದ್ದಿಗಾಗಿ ಹೊಗೆಕೊಳವೆಯಲ್ಲಿನ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತೆಸೆಯುವ ಚಾಳಿಯಿದೆ. ವಿಷಾನಿಲಗಳ ತೀಕ್ಷ್ಣತೆಯನ್ನು ತಗ್ಗಿಸುವ ಅಂಗವೇ ಅದು. ಹೊಗೆ ತಪಾಸಣಾ ಕೇಂದ್ರಗಳಲ್ಲಿ ಪೆಟ್ರೋಲ್ ಕಾರಿನ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್‌ಗಳನ್ನು ಅಳೆಯುತ್ತಾರೆ. ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದಿಲ್ಲ. ಬಿಸಿಲಿನಲ್ಲಿ ಅದೇ ಅನಿಲ ಓಜೋನ್ ಹುಟ್ಟಲು ಕಾರಣವಾಗಿ ಬೆಳೆಯ ಎಲೆಗಳನ್ನು ಸುಡುತ್ತದೆ. ತಯಾರಕರ ಮೂಲ ವಿನ್ಯಾಸವನ್ನು ಮೀರಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆವಾಸ ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ವಿಧಿಸಬಹುದು, ಎರಡನ್ನೂ ವಿಧಿಸಬಹುದು. ಹಿಂದಿನ ಮಾಲೀಕ ಮಾಡಿದ ಅಪರಾಧದ ಫಲವನ್ನು ಹಣ ತೆತ್ತು ಮನೆಗೆ ತರುವುದು ಯಾವ ಜಾಣತನ?

ಪ್ರವಾಸಿಗರಿಂದ ಬೆಟ್ಟಕ್ಕೆ ಕಾಸು ಬರುತ್ತದೆಂಬ ಮಾತು ಸುಳ್ಳಲ್ಲ. ಆದರೆ ಆ ಕಾಸು ಬರುವುದು ನಿಂತವರಿಂದ, ಉಂಡವರಿಂದ, ತಂಗಿದವರಿಂದ. ಸದ್ದು ಮಾಡುತ್ತಾ ಹಾದುಹೋದವರಿಂದ ಉಳಿಯುವುದು ಹೊಗೆ ಮಾತ್ರ. ನಿಯಂತ್ರಣ ಅಸಾಧ್ಯವೆಂಬ ಮಾತಂತೂ ಪೊಳ್ಳು. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗಿನ ಸಂಚಾರ ನಿರ್ಬಂಧ 2009ರಲ್ಲಿ ಜಾರಿಗೆ ಬಂದಾಗಲೂ ಇದೇ ಕೂಗೆದ್ದಿತ್ತು. ಕಾಡು ಉಸಿರಾಡಿತು, ಲೋಕವೇನೂ ಮುಳುಗಲಿಲ್ಲ.

ಕಾರು ಬೇಕೇ ಬೇಕೆನ್ನುವ ವಿದ್ಯಾರ್ಥಿ ಹಳೆಯದನ್ನೇ ಕೊಳ್ಳಲಿ. ಆದರೆ ಎಷ್ಟು ಅಶ್ವಶಕ್ತಿಯೆಂದು ಕೇಳುವ ಮೊದಲು ಬ್ರೇಕು ದ್ರವವನ್ನು ಎಂದು ಬದಲಿಸಿದ್ದೆಂದು ಕೇಳಲಿ. ತೇವ ಹೀರಿದ ಹಳೆಯ ದ್ರವ ಘಟ್ಟದ ಇಳಿಜಾರಿನಲ್ಲಿ ಕುದಿದು ಬ್ರೇಕನ್ನೇ ಕೈಕೊಡಿಸುತ್ತದೆ. ಟಯರಿನ ಪಕ್ಕೆಯಲ್ಲಿ ತಯಾರಿಕೆಯ ವಾರ, ವರ್ಷಗಳನ್ನು ಸೂಚಿಸುವ ನಾಲ್ಕಂಕಿಗಳನ್ನು ಓದಲಿ. ಹೊಗೆಕೊಳವೆ ಮೂಲದ್ದೇ ಎಂದು ಕಾರನ್ನು ಎತ್ತಿಸಿ ನೋಡಲಿ. ಮುಖ್ಯವಾಗಿ, ನಾಲ್ಕು ಆಸನಗಳಿರುವ ಕಾರಿನಲ್ಲಿ ನಾಲ್ವರು ಕೂತು ಬರಲಿ. ಒಬ್ಬನೇ ಬರುವುದಾದರೆ ಶೇಷಾದ್ರಿಪುರಂನಿಂದ ಮೆಜೆಸ್ಟಿಕ್ಕಿಗೆ ನಡೆದೇ ಹೋಗಬಹುದು. ಅಲ್ಲಿಂದ ಊರಿಗೆ ಕೆಂಪು ಬಸ್ಸಿದೆ.

ಗ್ರಾಮಸಭೆಗಳಿಗೂ ಕೆಲಸವಿದೆ. ತಮ್ಮೂರಿನ ತಿರುವುಗಳಲ್ಲಿ ವೇಗಮಿತಿಯನ್ನೂ ಕರ್ಕಶ ಸದ್ದಿನ ವಾಹನಗಳ ತಪಾಸಣೆಯನ್ನೂ ಒತ್ತಾಯಿಸಿ ಠರಾವು ಮಾಡಿ, ಜಿಲ್ಲಾಡಳಿತಕ್ಕೂ ಸಾರಿಗೆ ಅಧಿಕಾರಿಗೂ ಕಳಿಸಬೇಕು. ಕಾರನ್ನು ಆರಿಸುವ ಹಕ್ಕು ನಗರದ ತರುಣನದು. ರಸ್ತೆಯ ವೇಗವನ್ನು ಆರಿಸುವ ಹಕ್ಕು ಆ ರಸ್ತೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವವರಿಗೆ ಸೇರಬೇಕಾದದ್ದು.