ಉಳಿದ ಒಂಬತ್ತು ಮಂದಿ ಏನು ಮಾಡುತ್ತಿದ್ದರು?

ಹಲಸಂಗಿ ಎಂದೊಡನೆ ಓದಿದವರಿಗೆ ನೆನಪಾಗುವುದು ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಅವರ ಗೆಳೆಯರ ಬಳಗ, ‘ಗರತಿಯ ಹಾಡು’. ಇದು ಲಾವಣಿಯ ಸೀಮೆ. ಹರದೇಶಿ–ನಾಗೇಶಿ ಮೇಳಗಳು ಎದುರುಬದುರಾಗಿ ನಿಂತವೆಂದರೆ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಬೆಳಗಿನ ತನಕ ಮುಗಿಯದು. ಈ ಸೀಮೆಯ ಮನೆಗಳಲ್ಲಿ ಅಂಥದೇ ಇನ್ನೊಂದು ವಾದವೂ ನಡೆಯುತ್ತದೆ. ವಿಷಯ, ಫೈಟಿಂಗ್ ಪಿಕ್ಚರು. ಮಗ ‘ಕೆ.ಜಿ.ಎಫ್.’ ಹಚ್ಚು ಎನ್ನುತ್ತಾನೆ, ತಾಯಿ ಟಿ.ವಿ. ಆರಿಸು ಎನ್ನುತ್ತಾಳೆ, ಮೂಲೆಯಲ್ಲಿ ಕುಳಿತ ಅಜ್ಜ ನಗುತ್ತಾನೆ.

ಅಜ್ಜನ ನಗೆಗೆ ಕಾರಣವುಂಟು. ಕುಸ್ತಿ ನೋಡಿ ಪಳಗಿದ ಕಣ್ಣು ಅದು. ವಿಜಯಪುರದ ಸಿದ್ಧೇಶ್ವರ ಜಾತ್ರೆಯಿರಲಿ, ಊರೂರಿನ ಜಾತ್ರೆಯಿರಲಿ, ಕುಸ್ತಿ ಇಲ್ಲದಿದ್ದರೆ ಕಳೆಗಟ್ಟುವುದಿಲ್ಲ. ಜೋಡಿ ಕಟ್ಟುವಾಗ ಮೈಕಟ್ಟು, ವಯಸ್ಸು ನೋಡುತ್ತಾರೆ. ನಿಕಾಲಿ ಕುಸ್ತಿಯೆಂದರೆ ಒಬ್ಬನ ಬೆನ್ನು ಮಣ್ಣಿಗೆ ತಾಗಲೇಬೇಕು. ಎರಡು ನಿಮಿಷಕ್ಕೆ ಮುಗಿದೀತು, ಅರ್ಧ ತಾಸೂ ಹಿಡಿದೀತು. ಹೀಗೆ ನೋಡಿ ಬಲ್ಲವನು ಸಿನಿಮಾ ನೋಡಿ ಕೇಳುತ್ತಾನೆ: ‘ಅಲ್ಲೋ ತಮ್ಮಾ, ಅಂವ ಒಬ್ಬನ್ನ ಬಡಿಯೂ ಮಟಾ ಉಳಿದ ಒಂಬತ್ ಮಂದಿ ಏನ್ ಮಾಡ್ಲಾಕತ್ತಿದ್ರು?’

ಪುಟಗಟ್ಟಲೆ ವಿಮರ್ಶೆ ಬರೆಯುವವರೂ ಇಷ್ಟು ನೇರವಾಗಿ ಕೇಳಲಾರರು! ಉತ್ತರ ಸರಳವಾಗಿದೆ. ಅವರು ತಮ್ಮ ಸರದಿ ಕಾಯುತ್ತಿರುತ್ತಾರೆ. ಫೈಟ್ ಮಾಸ್ಟರ್ ಹೊಡೆದಾಟವನ್ನು ಕುಣಿತದಂತೆ ಎಣಿಕೆ ಹಾಕಿ ಕಟ್ಟಿರುತ್ತಾನೆ. ಮುಷ್ಟಿಗೂ ಕೆನ್ನೆಗೂ ನಡುವೆ ಇರುವ ಅಂತರವನ್ನು ಕ್ಯಾಮೆರಾ ಇಟ್ಟ ಕೋನ ಮುಚ್ಚುತ್ತದೆ. ಢಿಶುಂ ಸದ್ದು ಆಮೇಲೆ ಸೇರಿಸಿದ್ದು. ಗಾಳಿಯಲ್ಲಿ ಹಾರುವವನ ಸೊಂಟಕ್ಕೆ ಕಟ್ಟಿದ ತಂತಿಯನ್ನು ಕಂಪ್ಯೂಟರ್ ಅಳಿಸಿಬಿಡುತ್ತದೆ.

ಹಾಗಾದರೆ ಎಲ್ಲವೂ ಸುಳ್ಳೇ? ಇಲ್ಲಿ ನಾನು ಮೊಮ್ಮಗನ ಪಕ್ಷ. ಗಿರೀಶ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು. ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವ ಅದರಲ್ಲಿ ಎದ್ದು ಕಾಣುತ್ತದೆ. ಎದುರಾಳಿ ಪಾಳಯಗಳ ಇಬ್ಬರು ಬಾಡಿಗೆಯ ವೀರರಾಗಿ ಶಂಕರ್‌ನಾಗ್ ಮತ್ತು ಸುಂದರಕೃಷ್ಣ ಅರಸ್. ಅಲ್ಲಿ ಕತ್ತಿ ಸುಮ್ಮಸುಮ್ಮನೆ ಮೇಲೇಳುವುದಿಲ್ಲ. ಎದ್ದಾಗ ಯಾಕೆ ಎದ್ದಿತೆಂದು ನಮಗೆ ಗೊತ್ತಿರುತ್ತದೆ. ಮುಂದೆ ‘ಕರಾಟೆ ಕಿಂಗ್’ ಎಂದು ಅಭಿಮಾನಿಗಳು ಕೊಂಡಾಡಿದ ಶಂಕರ್‌ನಾಗ್ ಅವರಿಗೆ ಇದು ಮೊದಲ ಚಿತ್ರ. ಇದಕ್ಕಾಗಿ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. 1996ರ ‘ಪೊಲೀಸ್ ಸ್ಟೋರಿ’ಯನ್ನು ನಿರ್ದೇಶಿಸಿದ್ದು ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು. 2018ರ ‘ಕೆ.ಜಿ.ಎಫ್.’ಗೆ ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿಯೇ ಸಿಕ್ಕಿತು. ಬಡಿದಾಟ ಕಟ್ಟುವುದೂ ಒಂದು ವಿದ್ಯೆ, ಅಜ್ಜಾ.

ಆದರೆ ಅಜ್ಜ ಕೇಳಿದ ಆ ಒಂಬತ್ತು ಮಂದಿಯ ಮಾತು ಅಷ್ಟಕ್ಕೇ ಮುಗಿಯುವುದಿಲ್ಲ. 2016ರ ನವೆಂಬರ್ 7ರಂದು ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಕೊನೆಯ ದೃಶ್ಯದ ಚಿತ್ರೀಕರಣ ನಡೆದಿತ್ತು. ನಾಯಕ, ಇಬ್ಬರು ಖಳರು ಹೆಲಿಕಾಪ್ಟರ್‌ನಿಂದ ನೀರಿಗೆ ಜಿಗಿದರು. ನಾಯಕ ಬದುಕಿ ಬಂದರು. ಲೈಫ್ ಜಾಕೆಟ್ ಇಲ್ಲದೆ ಜಿಗಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. 2021ರ ಆಗಸ್ಟ್‌ನಲ್ಲಿ ಬಿಡದಿಯ ಬಳಿ ಇನ್ನೊಂದು ಚಿತ್ರದ ಫೈಟ್ ತೆಗೆಯುವಾಗ ವಿದ್ಯುತ್ ತಗುಲಿ ಒಬ್ಬ ಸಾಹಸ ಕಲಾವಿದ ತೀರಿಕೊಂಡ. ಹೊಡೆತ ತಿನ್ನುವವರ ಹೆಸರನ್ನು ನಾವು ಕೇಳುವುದು ಇಂಥ ದಿನ ಮಾತ್ರ. ಹಾಂಗ್‌ಕಾಂಗಿನ ಜಾಕಿ ಚಾನ್ ಈ ವಿಷಯದಲ್ಲಿ ಪ್ರಾಮಾಣಿಕ. 1986ರ ಚಿತ್ರವೊಂದಕ್ಕೆ ಜಿಗಿಯಲು ಹೋಗಿ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡವರು. ಬಿದ್ದದ್ದು, ಪೆಟ್ಟು ತಿಂದದ್ದು ಎಲ್ಲವನ್ನೂ ತಮ್ಮ ಚಿತ್ರಗಳ ಕೊನೆಯಲ್ಲಿ ತೋರಿಸುತ್ತಾರೆ. ನಮ್ಮವರೂ ತೋರಿಸಿದರೆ ಯಾರ ಗಂಟೂ ಹೋಗಲಾರದು.

ಇನ್ನು ತಾಯಿ. ಆಕೆಗೆ ಫೈಟಿಂಗೇ ಬೇಡವೆಂದಲ್ಲ. ಮಾಲಾಶ್ರೀಯ ‘ದುರ್ಗಿ’ ಬಂದರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುವುದಿಲ್ಲ! ಆಕೆಯ ಭಯ ಚಿಕ್ಕ ಮಗನ ಕುರಿತು. 1997ರಿಂದ ದೂರದರ್ಶನದಲ್ಲಿ ಬರುತ್ತಿದ್ದ ‘ಶಕ್ತಿಮಾನ್’ನಲ್ಲಿ ಮಕ್ಕಳಿಗೆ ಬುದ್ಧಿಮಾತು ಹೇಳಲೆಂದೇ ಕೊನೆಗೆ ಒಂದಿಷ್ಟು ಹೊತ್ತು ಇಡುತ್ತಿದ್ದರು. ಪಾಲಕರಿಗೆ ಈಗ ಇನ್ನೊಂದು ಅನುಕೂಲವಾಗಿದೆ. ಮೊದಲು ‘ಯು/ಎ’ ಎಂದು ಒಂದೇ ಮುದ್ರೆಯಿತ್ತು. 2023ರ ತಿದ್ದುಪಡಿ ಕಾಯ್ದೆಯ ನಂತರ ಅದು 7, 13, 16 ವರ್ಷ ಎಂದು ಮೂರು ಬಗೆಯಾಗಿದೆ. ಚಿತ್ರ ಆರಂಭವಾಗುವ ಮೊದಲು ಕ್ಷಣಕಾಲ ಕಾಣುವ ಆ ಪ್ರಮಾಣಪತ್ರವನ್ನು ಎಷ್ಟು ಜನ ಓದುತ್ತೇವೆ?

ಈ ಮೂವರ ನಡುವೆ ಮಗಳ ಅಭಿಪ್ರಾಯ ಯಾರೂ ಕೇಳಿಲ್ಲ. ಅವಳಿಗೆ ನೋಡುವುದಕ್ಕಿಂತ ಕಲಿಯುವ ಆಸೆ. ಸರಕಾರದ ವಸತಿ ಶಾಲೆಗಳಲ್ಲಿ ಓಬವ್ವನ ಹೆಸರಿನಲ್ಲಿ ಹುಡುಗಿಯರಿಗೆ ಆತ್ಮರಕ್ಷಣೆಯ ತರಬೇತಿ ನಡೆದಿದೆ. ಕರಾಟೆಯಲ್ಲಿ ಮೊದಲು ಕಲಿಸುವುದು ವಂದಿಸುವುದನ್ನು, ಕಾಲೂರಿ ನಿಲ್ಲುವುದನ್ನು, ಬಂದ ಪೆಟ್ಟನ್ನು ತಡೆಯುವುದನ್ನು. ಅದೇ ಅದೇ ಹೆಜ್ಜೆ, ದಿನಾ ನೂರು ಸಲ. ‘ಸರ್, ಹಾರಿ ಒದೆಯೋದು ಯಾವಾಗ ಕಲಸ್ತೀರಿ?’ ಎಂದು ಎರಡನೇ ದಿನವೇ ಕೇಳುವ ಹುಡುಗಿ ಪ್ರತಿ ತರಗತಿಯಲ್ಲೂ ಒಬ್ಬಳಿರುತ್ತಾಳೆ.