ವೈರು ಮುಟ್ಟಿದರೆ ವಾರಂಟಿಯೇ ಹೋಯಿತೆ?

ದೊಡ್ಡಬಳ್ಳಾಪುರದ ಹಳ್ಳಿಗಳಲ್ಲಿ ಹುಲ್ಲಿನ ಬಣವೆ ಪಕ್ಕ ಕಾರು ನಿಲ್ಲಿಸಿದರೆ ಇಲಿ ವೈರು ಕಡಿಯುವುದು ಮಾಮೂಲು. ಇಲಿ ಕಡಿತಕ್ಕೆ ವಾರಂಟಿ ಸಾಮಾನ್ಯವಾಗಿ ಅನ್ವಯಿಸದು. ಹಾಗಾಗಿ ಜನ ತಾವೇ ವೈರು ಸುಲಿದು, ತಿರುಚಿ, ಟೇಪು ಸುತ್ತಿಬಿಡುತ್ತಾರೆ. ಆ ಜೋಡಣೆ ಸಡಿಲವಾದರೆ ಬಿಸಿಯೇರಿ ಬೆಂಕಿಯೂ ಹತ್ತಬಹುದು. ಅಂಥ ಹಾನಿಗೆ ಕಂಪನಿ ಒಲ್ಲೆ ಎಂದರೆ ಒಪ್ಪೋಣ. ಆದರೆ ಹೆಡ್‌ಲೈಟ್ ವೈರಿನ ಟೇಪು ತೋರಿಸಿ ಗೇರ್‌ಬಾಕ್ಸ್ ದುರಸ್ತಿಗೂ ಕೈ ಎತ್ತುವುದು ಯಾವ ನ್ಯಾಯ? ನಮ್ಮೂರಿನವರೊಬ್ಬರಿಗೆ ಸರ್ವಿಸ್ ಸೆಂಟರಿನಲ್ಲಿ ಹೀಗೇ ಆಯಿತು, ಅದೂ ಬರೀ ಬಾಯಿಮಾತಿನಲ್ಲಿ! ನಿರಾಕರಣೆಯ ಕಾರಣವನ್ನು ಬರಹದಲ್ಲೇ ಕೇಳಿ ಪಡೆಯಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗವಿದೆ. ಕಂಪನಿಗಳು ವಾರಂಟಿ ಷರತ್ತುಗಳನ್ನು ಕನ್ನಡದಲ್ಲೂ ಅಚ್ಚು ಹಾಕಿ ಕೊಡಲಿ.

– ಓದುಗ, ದೊಡ್ಡಬಳ್ಳಾಪುರ