ದರಿಯಾ ದೌಲತ್ತಿನಲ್ಲಿ ಪ್ರಜೆಗೆ ಎಡೆಯಿಲ್ಲವೆ?

ಶ್ರೀರಂಗಪಟ್ಟಣದ ದರಿಯಾ ದೌಲತ್ ಮಹಲನ್ನು ನೋಡಿಬಂದವರು ಸಾಮಾನ್ಯವಾಗಿ ಎರಡು ಪಕ್ಷವಾಗುವರು. ಒಂದು ಪಕ್ಷದವರು ಟಿಪ್ಪು ಸುಲ್ತಾನನು ಮಹಾವೀರನೆಂದು ಕೊಂಡಾಡುತ್ತ ಮರಳುವರು. ಇನ್ನೊಂದು ಪಕ್ಷದವರು ಆತನು ಕ್ರೂರಿಯೆಂದು ಹಳಿಯುತ್ತ ಮರಳುವರು. ಈ ಕಲಹವು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಮುಗಿಯದೆ ನಡೆಯುತ್ತಿರುವುದು. ನಮ್ಮ ಜಗಳವಾದರೋ ಈ ಎರಡು ಪಕ್ಷದವರೊಡನೆಯೂ ಇರುವುದು. ಯುದ್ಧವೆಂದರೆ ಅರಸರ ಮತ್ತು ದಂಡಾಳುಗಳ ಕಥೆಯೇ ಹೊರತು ಮತ್ತೇನೂ ಅಲ್ಲವೆಂಬ ಭ್ರಮೆಯು ಇಬ್ಬರಿಗೂ ಸಮಾನವಾಗಿರುವುದೇ ಇದಕ್ಕೆ ಕಾರಣ.

ಈಚೆಗೆ ಮೈಸೂರಿನ ರಾಜೀವನಗರದ ನಮ್ಮ ಬೀದಿಯ ಕೆಲವು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆವು. ಹೆಚ್ಚು ದೂರದ ದಾರಿಯೇನೂ ಅಲ್ಲ. 1784ರಲ್ಲಿ ಬಹುಮಟ್ಟಿಗೆ ತೇಗದ ಮರದಿಂದಲೇ ಕಟ್ಟಿದ ಈ ಬೇಸಗೆಯ ಮನೆಯು 1959ರಿಂದ ವಸ್ತುಸಂಗ್ರಹಾಲಯವಾಗಿರುವುದು. ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರಂದು ನಡೆದ ಪೊಲ್ಲಿಲೂರಿನ ಕಾಳಗವಿದೆ: ಹೈದರನೂ ಟಿಪ್ಪುವೂ ವೈಭವದಿಂದ ಬರುತ್ತಿರುವರು, ಸೋತ ಕರ್ನಲ್ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತಿರುವನು, ಮದ್ದಿನ ಬಂಡಿಯು ಸಿಡಿಯುತ್ತಿರುವುದು. ಪೂರ್ವದ ಗೋಡೆಯಲ್ಲಿ ಆ ಕಾಲದ ದೊರೆಗಳ ಒಡ್ಡೋಲಗಗಳಿವೆ. ಎಲ್ಲವನ್ನೂ ನೋಡಿಯಾದ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು, “ತಾತ, ಯುದ್ಧ ಆಗೋವಾಗ ಈ ಊರಿನ ಮಕ್ಕಳೆಲ್ಲ ಎಲ್ಲಿದ್ರು?” ಎಂದು ಕೇಳಿದಳು. ಗೋಡೆಯತ್ತ ಕೈತೋರಿಸಿ ಉತ್ತರ ಹೇಳೋಣವೆಂದರೆ, ಅದಕ್ಕೆ ಒದಗುವ ಚಿತ್ರವೊಂದೂ ನಮಗೆ ಸಿಕ್ಕಲಿಲ್ಲ.

ಉತ್ತರವೇ ಇಲ್ಲವೆಂದಲ್ಲ. ಈ ಮಹಲಿನ ಸಮೀಪದಲ್ಲಿಯೇ ಇರುವ ಗಂಜಾಮನ್ನು ಜನದಿಂದ ತುಂಬಿಸುವುದಕ್ಕಾಗಿ ಟಿಪ್ಪುವು ಶಿರಾದಿಂದ 12,000 ಸಂಸಾರಗಳನ್ನು ಬಲಾತ್ಕಾರದಿಂದ ಎಬ್ಬಿಸಿ ತಂದನೆಂದು ಮೈಸೂರು ಗೆಜೆಟಿಯರು ಹೇಳುವುದು. ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ನಜರಬಾದಿಗೆ ಸಾಗಿಸಿದರು. 1799ರ ತರುವಾಯ ಆ ಕಲ್ಲುಗಳೇ ಹಿಂದಿರುಗಿ ಬಂದುವು. ಕಲ್ಲು ಹೊತ್ತವರ ಬೆನ್ನಿನ ಮಾತನ್ನು ಯಾರೂ ಎತ್ತುವುದಿಲ್ಲ. 1791ರಲ್ಲಿ ಕಾರ್ನ್‌ವಾಲೀಸನ ದಂಡಿಗೆ ಕಾಳೂ ಮೇವೂ ದೊರೆಯದಿರಲೆಂದು ದಾರಿಯ ಊರುಗಳನ್ನು ಹಾಳುಗೆಡವಲಾಯಿತು. ಇಂದು ಕನಕಪುರವೆನಿಸಿಕೊಂಡಿರುವ ಕಾನಕಾನಹಳ್ಳಿಯು ಹಾಗೆ ಹಾಳಾದ ಊರುಗಳಲ್ಲೊಂದು. ಅದೇ ವರ್ಷ ಮರಾಠರ ಕುದುರೆಯ ದಂಡು ಶೃಂಗೇರಿಯನ್ನು ಸುಲಿಯಿತು. ಕೊಡಗಿನವರೂ ಕೆನರಾದ ಕ್ರೈಸ್ತರೂ ಸೆರೆಯಾಳುಗಳಾಗಿ ಇದೇ ಪಟ್ಟಣಕ್ಕೆ ಬಂದರು. 1792ರ ಮುತ್ತಿಗೆಯಲ್ಲಿ ಇಂಗ್ಲಿಷರು ಗಂಜಾಮಿನ ಲಾಲ್‌ಬಾಗಿನ ಮರಗಳನ್ನು ಕಡಿದು ಮುತ್ತಿಗೆಯ ಸಾಧನಗಳನ್ನು ಮಾಡಿಕೊಂಡರು. ಅಲ್ಲಿಯ ಅರಮನೆಯು ಗಾಯಾಳುಗಳ ಆಸ್ಪತ್ರೆಯಾಯಿತು.

1799ರ ಮೇ 4ರ ರಾತ್ರಿಯ ವಿಷಯವನ್ನು ಏನು ಹೇಳೋಣ? ಪಟ್ಟಣದಲ್ಲಿ ಸುಲಿಗೆಗೆ ತುತ್ತಾಗದೆ ಉಳಿದ ಮನೆಯೇ ಅಪರೂಪವೆಂದು ಆರ್ಥರ್ ವೆಲ್ಲೆಸ್ಲಿಯು ಕೆಲವು ದಿನಗಳಲ್ಲಿಯೇ ತನ್ನ ಅಣ್ಣನಾದ ಗವರ್ನರ್ ಜನರಲನಿಗೆ ಬರೆದನು. ಮರುದಿನ ತನ್ನ ಕಡೆಯ ದಂಡಾಳುಗಳನ್ನೇ ನೇಣಿಗೇರಿಸಿ, ಚಾವಟಿಯಿಂದ ಹೊಡೆಯಿಸಿ, ಆತನು ಶಾಂತಿಯನ್ನು ನೆಲೆಗೊಳಿಸಬೇಕಾಯಿತು. ಹಾಗೆ ಬರೆದ ಪುರುಷನೇ ಆಮೇಲೆ ಈ ದರಿಯಾ ದೌಲತ್ತಿನಲ್ಲಿ ವಾಸಮಾಡಿದನು! ಆತನು ಇಲ್ಲಿದ್ದನೆಂಬುದನ್ನು ನಾವು ನೆನಪಿಟ್ಟಿರುವೆವು. ಆತನ ಪತ್ರದಲ್ಲಿರುವ ಮನೆಗಳವರನ್ನು ಮರೆತಿರುವೆವು. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ನನು ಕೋಟೆಯಲ್ಲಿಯೂ ಗಂಜಾಮಿನಲ್ಲಿಯೂ ಒಟ್ಟು 6,379 ಮನೆಗಳನ್ನು ಲೆಕ್ಕಹಾಕಿ, ಮನೆಗೆ ಐವರಂತೆ 31,895 ಜನರೆಂದು ಬರೆದಿಟ್ಟನು. ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂಬುದು ಆತನ ಅಂದಾಜು. ಕಡಮೆಯಾದವರೆಲ್ಲರೂ ಸತ್ತರೆಂದು ನಾವು ಹೇಳುವುದಿಲ್ಲ. ದಂಡು ಚದರಿತು, ರಾಜಧಾನಿಯು ಮೈಸೂರಿಗೆ ಹೋಯಿತು. ಆದರೂ ಗಂಟುಮೂಟೆ ಕಟ್ಟಿಕೊಂಡು ಹೊರಟ ಅಷ್ಟು ಮಂದಿ ಹೆಂಗಸರು ಮಕ್ಕಳು ಚರಿತ್ರೆಯಲ್ಲವೆ?

ಇಲ್ಲಿ ಕೆಲವು ಆಕ್ಷೇಪಣೆಗಳು ಬರಬಹುದು. ಪುರಾತನ ಕಟ್ಟಡದ ಗೋಡೆಯನ್ನು ಮುಟ್ಟಬಾರದೆನ್ನುವರು. ಒಪ್ಪಿದೆವು, ಮುಟ್ಟಬೇಕೆಂದು ಕೇಳಿದವರಾರು? ಆದರೆ ಈ ಗೋಡೆಗಳ ಚಿತ್ರಗಳು ಅಳಿದು, ವೆಲ್ಲೆಸ್ಲಿಯ ಕಾಲದಲ್ಲೊಮ್ಮೆ, ಡಾಲ್‌ಹೌಸಿಯ ಆಜ್ಞೆಯಿಂದ ಮತ್ತೊಮ್ಮೆ, ಹೊಸದಾಗಿ ಬರೆಯಲ್ಪಟ್ಟವೆಂಬುದನ್ನು ಮರೆಯಬಾರದು. ಒಡೆಯರು ಬದಲಾದಾಗಲೆಲ್ಲ ಮನೆಯ ಕಥೆಯನ್ನು ತಿದ್ದಿಕೊಂಡರು. ಪ್ರಜೆಯ ಸರದಿ ಮಾತ್ರ ಬರಲಿಲ್ಲ. ಆಧಾರಗಳಿಲ್ಲವೆಂದು ಇನ್ನು ಕೆಲವರು ಹೇಳುವರು. ಮೇಲೆ ಹೇಳಿದುವು ಆಧಾರಗಳಲ್ಲವೆ? ಶೃಂಗೇರಿಯ ಸ್ವಾಮಿಗಳಿಗೆ ಟಿಪ್ಪುವು ಕನ್ನಡದಲ್ಲಿ ಬರೆಯಿಸಿದ ಪತ್ರಗಳು 1916ರಲ್ಲಿ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬೀಳುವವರೆಗೆ ಅವೂ ಇರಲಿಲ್ಲವೆಂದೇ ಲೋಕವು ಎಣಿಸಿತ್ತು. ಹುಡುಕದವನಿಗೆ ಆಧಾರವು ಎಲ್ಲಿಂದ ಬರಬೇಕು?

ದುಃಖದ ಕಥೆಯನ್ನು ನೋಡಲು ಯಾರು ಬರುವರೆಂಬುದು ಕಡೆಯ ಆಕ್ಷೇಪಣೆ. ದರಿಯಾ ದೌಲತ್ತು ವಸ್ತುಸಂಗ್ರಹಾಲಯವಾದ ಮರುವರ್ಷವೇ, 1960ರಲ್ಲಿ, ಹಾಲೆಂಡಿನ ಆಮ್‌ಸ್ಟರ್‌ಡಾಮ್ ನಗರದಲ್ಲಿ ಆನ್ ಫ್ರಾಂಕಳ ಮನೆಯು ಪ್ರೇಕ್ಷಕರಿಗೆ ತೆರೆಯಲ್ಪಟ್ಟಿತು. ಎರಡನೆಯ ಮಹಾಯುದ್ಧದಲ್ಲಿ ಎಂಟು ಮಂದಿ ಅಡಗಿದ್ದ ಆ ಹಿಂಭಾಗದ ಕೊಠಡಿಗಳಲ್ಲಿ ಸಿಂಹಾಸನವಿಲ್ಲ, ಖಡ್ಗವಿಲ್ಲ; ಪೀಠೋಪಕರಣಗಳನ್ನು ಕೂಡ ಇಡದೆ ಬರಿದಾಗಿ ಬಿಟ್ಟಿರುವರು. ಬೆಳೆಯುತ್ತಿದ್ದ ಮಕ್ಕಳ ಎತ್ತರವನ್ನು ಗುರುತಿಸಿದ ಪೆನ್ಸಿಲಿನ ಗೀಟುಗಳು ಗೋಡೆಯ ಮೇಲಿವೆ. ಅವನ್ನು ನೋಡಲು ದೇಶದೇಶಗಳಿಂದ ಜನರು ಬರುತ್ತಿರುವರು.

ನಾವು ಕೇಳುವುದು ಬಹಳವಲ್ಲ. ಮಹಲಿನ ಆವರಣದಲ್ಲಿ ಪ್ರಜೆಗಾಗಿ ಒಂದು ಕೊಠಡಿಯಿರಲಿ. ಅಲ್ಲಿ ಶಿರಾದಿಂದ ಗಂಜಾಮಿಗೆ ನಡೆದವರ ದಾರಿಯ ಪಟವಿರಲಿ. ವೆಲ್ಲೆಸ್ಲಿಯ ಪತ್ರದ ಕನ್ನಡವೂ ಬುಕಾನನ್ನನ ಲೆಕ್ಕವೂ ಇರಲಿ. ಹಾಳಾದ ಊರುಗಳ ಹೆಸರುಗಳು, ಹಾಳುಮಾಡಿದವರು ಯಾರೇ ಆಗಿರಲಿ, ಪಕ್ಷಪಾತವಿಲ್ಲದೆ ಬರೆಯಲ್ಪಡಲಿ. ಸರಕಾರವು ಮಾಡುವವರೆಗೆ ನಮ್ಮಂತಹ ಜಿಲ್ಲಾ ಸಂಘಗಳು ಇವನ್ನೆಲ್ಲ ಒಂದು ಸಣ್ಣ ಕನ್ನಡ ಪುಸ್ತಕವಾಗಿ ಅಚ್ಚುಹಾಕಿಸಿ, ಅಲ್ಲಿಗೆ ಹೋಗುವ ಶಾಲೆಯ ಮಕ್ಕಳ ಕೈಗೆ ಕೊಡಬಹುದು. ಆ ಹುಡುಗಿಗೆ ನಾವು ಕೊಡಬೇಕಾಗಿದ್ದ ಉತ್ತರವು ಹಾಗಾದರೂ ಅವಳಿಗೆ ಸಲ್ಲಲಿ.